ಐದು ಚೀಲ ಭತ್ತದ ಬೂಟು

ಸಿಂಧನೂರಿನಿಂದ ಮಸ್ಕಿ ಕಡೆಗೆ ಒಬ್ಬ ಮನುಷ್ಯ ಓಡುತ್ತಿದ್ದರೆ ನಮ್ಮ ಬಸ್ಸಿನವರ ಕರುಳು ಚುರುಕ್ ಎನ್ನುತ್ತದೆ. ತುಸು ಮುಂದೆ ಹೋಗಿ ಬಸ್ಸು ನಿಲ್ಲಿಸುತ್ತಾರೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಲಗೂನ ಬರ್ರೀ, ಸೀಟ್ ಅದಾವ" ಎಂದು ಕೂಗುತ್ತಾನೆ. ಬೇಡವೆಂದು ಕೈಯಾಡಿಸಿದರೆ ಇಡೀ ಬಸ್ಸು ಕಿಟಕಿಯಿಂದ ಹೊರಳಿ ನೋಡುತ್ತದೆ. ರೊಕ್ಕ ಇಲ್ಲದಿದ್ದರೂ ಅಡ್ಡಿಯಿಲ್ಲ, ಹತ್ತಪ್ಪಾ ಎಂಬ ದಯೆಯನ್ನು ಕೆಲವರ ಮುಖದಲ್ಲಿ ಕಂಡಿದ್ದೇನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ಹೆದ್ದಾರಿಯ ಮೇಲಿನ ಊರುಗಳು. ನಡುವೆ ಮಸ್ಕಿ. ಸಿಂಧನೂರಿನಿಂದ ಅಲ್ಲಿಗೆ ಹಾಫ್ ಮ್ಯಾರಥಾನಿಗಿಂತ ಸ್ವಲ್ಪ ಜಾಸ್ತಿ, ಅಲ್ಲಿಂದ ಲಿಂಗಸುಗೂರಿಗೂ ಹೆಚ್ಚೂಕಡಿಮೆ ಅಷ್ಟೇ. ಮ್ಯಾರಥಾನ್ ಅಂದರೆ 42.195 ಕಿ.ಮೀ. ಅದನ್ನು ದಾಟಿದ ಓಟವೆಲ್ಲ ಅಲ್ಟ್ರಾ. ಹಾಗೆ ನೋಡಿದರೆ ಜಮೀನಿನ ತಕರಾರು ಹೊತ್ತು ಲಿಂಗಸುಗೂರಿನ ಎ.ಸಿ. ಆಫೀಸಿಗೆ ಹೋಗಿಬರುವ ಸಿಂಧನೂರಿನವರೆಲ್ಲ ಅಲ್ಟ್ರಾದವರೇ. ಅವರು ಕೂತು ಮುಗಿಸುತ್ತಾರೆ, ಸುಸ್ತು ಮಾತ್ರ ಓಡಿದವರಿಗಿಂತ ಹೆಚ್ಚು.

ಹೆದ್ದಾರಿಯ ಅಂಚಿನಲ್ಲಿ ಭತ್ತದ ಲಾರಿಗಳ ಗಾಳಿಗೆ ಎದೆ ಕೊಟ್ಟು ಓಡುವುದು ಬೇಡವೆನಿಸಿ ನಾನು ಕಾಲುವೆ ಹಿಡಿದೆ. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು 200 ಕಿ.ಮೀ.ಗೂ ಹೆಚ್ಚು ಹರಿಯುತ್ತದೆ. ಅದರ ಉಪಕಾಲುವೆಗಳನ್ನು ನಮ್ಮವರು ನಂಬರಿನಿಂದಲೇ ಕರೆಯುತ್ತಾರೆ. ಅವುಗಳ ದಂಡೆಯ ಮೇಲೆ ಮಣ್ಣಿನ ದಾರಿ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ನಾಟಿ ಮಾಡಿದ ಗದ್ದೆ, ನಡುವೆ ಟ್ರ್ಯಾಕ್ಟರಿನ ಎರಡು ಗಾಲಿ ಗುರುತು. ಆ ಗುರುತುಗಳ ನಡುವಿನ ಹುಲ್ಲಿನ ಪಟ್ಟಿಯ ಮೇಲೆ ಓಡಿದರೆ ಮೊಣಕಾಲು ಸಂಜೆಗೆ ಬೈಯುವುದಿಲ್ಲ.

ಬೈಯದಿದ್ದರೂ ಅನುಮಾನಿಸುವವರಿಗೆ ಕೊರತೆಯಿಲ್ಲ. ನಸುಕಿನ ಐದಕ್ಕೆ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕಾಲುವೆ ದಂಡೆಯ ಮೇಲೆ ಅವಸರದಿಂದ ಹೋಗುವವನ ಉದ್ದೇಶ ಏನೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಎದುರಿಗೆ ಬಂದವರು ಸಂಭಾವಿತರಾಗಿ ಮುಖ ಆಚೆ ತಿರುಗಿಸಿ ದಾರಿ ಬಿಡುತ್ತಾರೆ. ಪರಿಚಯದವರೂ ಮಾತಾಡಿಸುವುದಿಲ್ಲ. ಬಾಟಲಿ ಖಾಲಿಯಾದ ಮೇಲೂ ಅದೇ ವೇಗದಲ್ಲಿ ವಾಪಸು ಓಡಿ ಬಂದರೆ ಮಾತ್ರ ಕಳವಳ ಶುರುವಾಗುತ್ತದೆ. "ಸರ, ಹೊಟ್ಟಿ ಭಾಳ ಕೆಟ್ಟೈತೇನ್ರೀ?"

ಈ ಮುಜುಗರ ತಪ್ಪಲೆಂದೇ ನೀರನ್ನು ಎದೆಯ ಮೇಲೆ ಹೊರುವ ಚೀಲವೊಂದನ್ನು ತರಿಸಿದೆ. ಎರಡು ಮೆತ್ತನೆಯ ಬಾಟಲಿ, ಬಾಯಿಯ ಹತ್ತಿರಕ್ಕೆ ಬರುವ ಒಂದು ನಳಿಗೆ. ತಲೆಗೆ ದೀಪ, ಮುಂಗೈಯಲ್ಲಿ ಮಿಣುಕುವ ಗಡಿಯಾರ. ಬೇಸಿಗೆ ಬೆಳೆಯ ಕಾಲಕ್ಕೆ ನಾಲೆಯ ಆಸುಪಾಸು ನಿಷೇಧಾಜ್ಞೆ ಹಾಕುವುದುಂಟು. ಮೇಲ್ಭಾಗದವರು ಪಂಪು ಇಟ್ಟು ನೀರೆತ್ತಿದರೆ ಕೆಳಗಿನ ಮಾನ್ವಿ, ಸಿರವಾರದ ಹೊಲಗಳಿಗೆ ಮುಟ್ಟುವುದಿಲ್ಲ, ಅದಕ್ಕೇ ಕಾವಲು. ಅಂಥ ಒಂದು ಬೆಳಗ್ಗೆ ಗ್ಯಾಂಗ್‌ಮನ್ ಒಬ್ಬ ಬ್ಯಾಟರಿ ಬಿಟ್ಟು ನನ್ನನ್ನು ನಿಲ್ಲಿಸಿದ.

"ಯಾವ ಕಡೆಯವರ್ರೀ? ಮ್ಯಾಲಿನವರೋ, ಕೆಳಗಿನವರೋ?"

ಎರಡೂ ಅಲ್ಲ ಎಂದೆ. ಅವನ ಕಣ್ಣು ನಳಿಗೆಯ ಮೇಲೆ ನೆಟ್ಟಿತ್ತು. "ಮತ್ತ ಈ ಪೈಪು?"

"ಇದು ಕುಡಿಯೋ ನೀರಿಂದಪಾ."

"ಹಿಡದವರೆಲ್ಲಾ ಹಂಗ ಅಂತಾರ ಬಿಡ್ರಿ."

ಬೂಟಿನ ವಿಷಯಕ್ಕೆ ಬರೋಣ. ಟ್ರೈಲ್ ಓಟದ, ಅಂದರೆ ಇಂಥ ಮಣ್ಣುದಾರಿಯ ಓಟದ ಬೂಟಿನ ತಳದಲ್ಲಿ ನಾಲ್ಕೈದು ಮಿಲಿಮೀಟರಿನ ರಬ್ಬರ್ ಹಲ್ಲುಗಳಿರುತ್ತವೆ, ಕೆಸರಿನಲ್ಲಿ ಹಿಡಿತ ಸಿಗಲೆಂದು. ಅದನ್ನು ಮಾಡಿದವರು ಎರೆ ಭೂಮಿ ಕಂಡವರಲ್ಲ. ಎರೆಗೆ ಒಂದು ಹದದ ಮಳೆ ಬಿದ್ದ ಮೇಲೆ ಆ ಬೂಟು ಹಾಕಿ ಹತ್ತು ಹೆಜ್ಜೆ ಇಡಿ. ಮೊದಲು ಹಲ್ಲುಗಳ ಸಂದು ತುಂಬುತ್ತದೆ, ಆಮೇಲೆ ಆ ಮಣ್ಣಿಗೆ ಮಣ್ಣು ಅಂಟುತ್ತದೆ, ಅದಕ್ಕೆ ಜೋಳದ ಕೂಳೆ, ಹುಲ್ಲು, ಕಡ್ಡಿ. ನೋಡನೋಡುತ್ತ ನೀವು ನಾಲ್ಕು ಬೆರಳು ಎತ್ತರವಾಗಿರುತ್ತೀರಿ. ಹಾದಿಯ ಪಕ್ಕ ಕೂತು ಜಾಲಿ ಕಡ್ಡಿಯಿಂದ ಕೆತ್ತಬೇಕು. ಎಡಗಾಲಿನದು ಮುಗಿಯುವ ಹೊತ್ತಿಗೆ ಬಲಗಾಲಿನದು ಒಣಗಿ ಇಟ್ಟಂಗಿ. ನಮ್ಮ ರೈತರು ಮಳೆ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆ ಸೇರಿರುತ್ತಾರೆ.

ಒಣಗಿದ ಕಾಲಕ್ಕೆ ಬಳ್ಳಾರಿ ಜಾಲಿಯ ಮುಳ್ಳು. ಬೂಟಿನ ಫೋಮು ಮೆತ್ತಗಿದ್ದಷ್ಟೂ ಅದಕ್ಕೆ ಸಸಾರ. ಹೊಕ್ಕ ತಕ್ಷಣ ಗೊತ್ತಾಗುವುದಿಲ್ಲ, ಒಳಗೇ ಉಳಿದು ಮೂರು ಮೈಲಿ ಆದಮೇಲೆ ಚುಚ್ಚುತ್ತದೆ. ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವ ಅಜ್ಜ ಇಕ್ಕಳದಿಂದ ಮುಳ್ಳು ಕಿತ್ತು ನನ್ನ ಅಂಗೈಗೆ ಹಾಕಿ ಕೇಳಿದ, "ಟೈರಿನ ತಳ ಹಚ್ಚಲೇನ್ರೀ? ನಿಮ್ಮ ಜಲ್ಮಕ ಸವಿಯಂಗಿಲ್ಲ." ಪಕ್ಕದ ಮನೆಯ ಕಾಕಾ ಬೆಲೆ ಕೇಳಿ ಮನಸ್ಸಿನಲ್ಲೇ ಭಾಗಾಕಾರ ಮಾಡಿದರು. "ಅಂದ್ರ ಐದು ಚೀಲ ಭತ್ತ ಕಾಲಾಗ ಹಾಕ್ಕೊಂಡು ಓಡಾಕತ್ತೀಯಪಾ. ಗೊಬ್ಬರದ ಖರ್ಚು ಬ್ಯಾರೆ." 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದ ಕಥೆ ಹೇಳಿದೆ. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಅವನು ಬೂಟು ಹಾಕಿಯೂ ಗೆದ್ದದ್ದನ್ನು ನನ್ನ ಪರವಾಗಿ ಒತ್ತಿ ಹೇಳಿದೆ. ಕಾಕಾ ಮೊದಲನೆಯದನ್ನಷ್ಟೇ ನೆನಪಿಟ್ಟುಕೊಂಡರು.

ಸ್ಪರ್ಧೆಗಳಿಗೂ ಹೋಗಿದ್ದೇನೆ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಆಸುಪಾಸಿನಲ್ಲಿ ಕಾವೇರಿ ಟ್ರೈಲ್ ಮ್ಯಾರಥಾನ್ ನಡೆಯುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ, ಶುಲ್ಕ ಕಟ್ಟಿ, ಎದೆಗೆ ನಂಬರು ಚುಚ್ಚಿಕೊಂಡು ನಿಂತು ನೋಡಿದರೆ ಎದುರಿಗೆ ಕಾಲುವೆ! ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಭತ್ತದ ಗದ್ದೆ. ಬೆಂಗಳೂರಿನಿಂದ ಬಂದವರು ಗದ್ದೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಭತ್ತದ ನಾಡಿನಿಂದ ಭತ್ತ ನೋಡಲು ದುಡ್ಡು ಕೊಟ್ಟು ಬಂದವನು ಆ ಗುಂಪಿನಲ್ಲಿ ನಾನೊಬ್ಬನೇ ಇರಬೇಕು. ಸುಳ್ಳೇಕೆ, ಅಲ್ಲಿ ಯಾರೂ ಹೊಟ್ಟೆಯ ಆರೋಗ್ಯ ವಿಚಾರಿಸಲಿಲ್ಲ, ಅದೇ ದೊಡ್ಡ ಸುಖ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾಕ್ಕೆ ಸ್ನೇಹಿತರು ಕರೆಯುತ್ತಲೇ ಇದ್ದಾರೆ. ಮಲೆನಾಡು ಚೆಂದ, ಒಪ್ಪಿದೆ. ಆದರೆ ನಮ್ಮ ಮುಳ್ಳು ಒಂದು ಕಡೆ ಚುಚ್ಚಿ ಸುಮ್ಮನಿರುತ್ತದೆ, ಅಲ್ಲಿಯ ಜಿಗಣೆಗೆ ಆ ಮರ್ಯಾದೆ ಇಲ್ಲ.

ಏರು ಬೇಕಾದ ದಿನ ಮಸ್ಕಿಗೆ ಹೋಗುತ್ತೇನೆ. ಊರಿಗೆ ಒತ್ತಿಕೊಂಡೇ ಗುಡ್ಡ, ಗುಡ್ಡದ ಮೇಲೆ ಮಲ್ಲಿಕಾರ್ಜುನ. ಕೆಳಗೆ ಬಂಡೆಯೊಂದರ ಮೇಲೆ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಇದನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅಶೋಕ ಎಂಬ ಹೆಸರು ಮೊದಲು ಓದಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಏದುಸಿರು ಬಿಡುತ್ತ ಆ ಬಂಡೆಯ ಮುಂದೆ ನಿಲ್ಲಲು ನನಗೊಂದು ನೆಪವಿದೆ. ಈ ಫಲ ದೊಡ್ಡವರಿಗಷ್ಟೇ ಅಲ್ಲ, ಪಟ್ಟು ಹಿಡಿದರೆ ಸಣ್ಣವನಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಸಾಮ್ರಾಟ ಹೇಳಿದ್ದು ಧರ್ಮದ ಬಗ್ಗೆ, ಗುಡ್ಡದ ಬಗ್ಗೆ ಅಲ್ಲ ಎನ್ನುವುದು ನನಗೂ ಗೊತ್ತು. ದಮ್ಮು ಹತ್ತಿದಾಗ ಮನುಷ್ಯ ಅಷ್ಟು ವ್ಯತ್ಯಾಸ ನೋಡುವುದಿಲ್ಲ.

ಈ ಭಾಗದಲ್ಲಿ ದೂರದ ಹಾದಿಯ ನಿಜವಾದ ಮಂದಿ ಬೇರೆಯೇ ಇದ್ದಾರೆ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನಿಗೆಂದು ಹೊರಡುತ್ತಾರಲ್ಲ, ಅವರು. ಯುರೋಪಿನ ಮೌಂಟ್ ಬ್ಲಾಂಕ್ ಸುತ್ತ 2003ರಿಂದ ಒಂದು ಓಟ ನಡೆಯುತ್ತದೆ, ಸುಮಾರು 170 ಕಿ.ಮೀ. ಜಗತ್ತಿನ ಟ್ರೈಲ್ ಓಟಗಾರರಿಗೆಲ್ಲ ಅದೇ ಕಾಶಿ. ಮಳೆಯಂಗಿ, ತಲೆದೀಪ, ಹೊದೆಯಲು ತಗಡಿನಂಥ ತೆಳು ಹಾಳೆ, ಶಿಳ್ಳೆ ಇವೆಲ್ಲ ಚೀಲದಲ್ಲಿ ಇರಲೇಬೇಕು ಎಂಬ ಕಟ್ಟಪ್ಪಣೆ ಅಲ್ಲಿ. ನಮ್ಮಿಂದ ಶ್ರೀಶೈಲ ಅದಕ್ಕಿಂತ ಬಹಳ ದೂರ, ಕೊನೆಗೆ ನಲ್ಲಮಲೆಯ ಕಾಡು, ಭೀಮನ ಕೊಳ್ಳದ ಇಳಿಜಾರು, ಕೈಲಾಸ ದ್ವಾರದ ಏರು. ಮಾರ್ಚಿನ ಬಿಸಿಲು. ಕೆಲವರು ಹರಕೆ ಹೊತ್ತು ಮರಗಾಲಿನ ಮೇಲೆ ಹೋಗುತ್ತಾರೆ. ಒಂದು ಕಂಬಳಿ, ಒಂದು ಗಂಟು, ಒಂದು ಕೋಲು ಬಿಟ್ಟರೆ ಮತ್ತೇನೂ ಇಲ್ಲ. ಊರೂರಿಗೆ ಪೆಂಡಾಲು ಹಾಕಿ ದಾಸೋಹ. ರೇಸಿನಲ್ಲಿ ನಮಗೆ ಕಿತ್ತಳೆಯ ನಾಲ್ಕು ತೊಳೆ, ಚಿಟಿಕೆ ಉಪ್ಪು ಕೊಟ್ಟು ಹುರಿದುಂಬಿಸುತ್ತಾರೆ. ಇಲ್ಲಿ ಕೂಡಿಸಿ ರೊಟ್ಟಿ, ಪಲ್ಯ, ಅನ್ನ, ಸಾರು ಬಡಿಸಿ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಒಮ್ಮೆ ಅಂಥದೊಂದು ಪೆಂಡಾಲಿನ ಮುಂದೆ ಓಡುತ್ತಿದ್ದವನನ್ನು ಕೈಹಿಡಿದು ಎಳೆದು ಕೂಡಿಸಿದರು. ನನ್ನ ಗಡಿಯಾರ ಓಟ ನಿಂತಿತೆಂದು ಗುಂಯ್‌ಗುಟ್ಟಿತು. ಪಕ್ಕದಲ್ಲಿ ಅಂಗಾಲಿನ ಬೊಕ್ಕೆಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದ ಆಯಿ ನನ್ನ ಬೂಟನ್ನು ಒತ್ತಿ ನೋಡಿ, "ಛಲೋ ಮೆತ್ತಗಾವ ತಮ್ಮಾ, ರಾತ್ರಿ ತೆಲಿದಿಂಬಿಗೆ ಬರ್ತಾವ" ಎಂದಳು.

ಓಟ ಮುಗಿದ ಮೇಲಿನ ವಗ್ಗರಣಿ-ಮಿರ್ಚಿಯ ಬಗ್ಗೆ ಏನೂ ಬರೆಯುವುದಿಲ್ಲ. ಕರಗಿಸಿದ್ದೆಷ್ಟು, ತುಂಬಿದ್ದೆಷ್ಟು ಎಂದು ಗಡಿಯಾರ ಲೆಕ್ಕ ಕೇಳುತ್ತದೆ. ಮಂಡಾಳು ಬಿಸಿಯಿದ್ದಾಗ ಲೆಕ್ಕ ಮಾಡಬಾರದು.

ಆ ಗಡಿಯಾರಕ್ಕೆ ಈಚೆಗೆ ಒಂದು ನೌಕರಿ ಸಿಕ್ಕಿದೆ. ಮೈದಾನದಲ್ಲಿ ಬೆಳಗ್ಗೆ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರ ದಂಡೇ ಇರುತ್ತದೆ. ಕಾನ್‌ಸ್ಟೆಬಲ್ ಆಗಲು ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ. ಅವರ ಕಾಲಲ್ಲಿ ಸಂತೆಯ ಬೂಟು, ಕೆಲವರಿಗೆ ಅದೂ ಇಲ್ಲ. ಸೆಕೆಂಡಿನ ಚೂರೂ ತಪ್ಪದ ಗಡಿಯಾರ ಇರುವುದು ನನ್ನ ಹತ್ತಿರ ಮಾತ್ರ. ಹೀಗಾಗಿ ಗೆರೆಯ ಮೇಲೆ ನಿಂತು ಟೈಮು ಕೂಗುವ ಕೆಲಸ ನನ್ನದು. ಮೊನ್ನೆ ಒಬ್ಬ ಹುಡುಗ ಗಡಿಯಾರ ಇಸಿದುಕೊಂಡು, "ಸರ, ಇವತ್ತು ನೀವೂ ಒಂದು ಹೊಡೀರಿ, ನಾ ಹಿಡೀತೀನಿ" ಅಂದ. ನಾಲ್ಕು ಸುತ್ತು ಹಾಕಿ ಬಂದು ಬಗ್ಗಿ ಮೊಣಕಾಲು ಹಿಡಿದು ನಿಂತೆ. ಎಲ್ಲರೂ ಗಡಿಯಾರದ ಮೇಲೆ ಬಾಗಿ ನೋಡಿದರು. ಯಾರೂ ನಗಲಿಲ್ಲ, ಸಭ್ಯ ಮಕ್ಕಳು. ಆ ಹುಡುಗ ಬಹಳ ಹೊತ್ತು ವಿಚಾರ ಮಾಡಿ ಹೇಳಿದ:

"ಹೋಂಗಾರ್ಡಿಗೆ ನಡೀತದ್ರೀ ಸರ."