ಅಳಿಯಂದಿರ ಮರಿ ಟ್ರ್ಯಾಕ್ಟರು

ಮಂಡ್ಯದ ಕಡೆಯವನಾದ ನನಗೆ ಟ್ರ್ಯಾಕ್ಟರ್ ಅಂದರೆ ಕಬ್ಬಿನ ಲೋಡು, ಕಿವಿ ಹರಿಯುವ ಹಾಡು. ಇಲಿನಾಯ್‌ನಲ್ಲಿರುವ ಅಳಿಯಂದಿರು ಫೋನಿನಲ್ಲಿ "ಮಾವ, ಟ್ರ್ಯಾಕ್ಟರ್ ತಗೊಂಡೆ" ಎಂದಾಗ, ಜಮೀನು ಎಷ್ಟು ಎಕರೆ ಎಂದು ಕೇಳಿಬಿಟ್ಟೆ. ಮನೆ ಹಿಂದಿನ ಹುಲ್ಲು, ಅಷ್ಟೇ!

ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಹಳದಿ ಬಣ್ಣದ ಮರಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರ ಕಬ್ ಕೆಡೆಟ್, 1961ರ ಮಾದರಿ, 7 ಕುದುರೆ ಶಕ್ತಿ. ಏಳೂ ಕುದುರೆ ಮಲಗಿದ್ದವು. ಪಿಸ್ಟನ್ ಅಲ್ಲಾಡಲೆಂದು ತಿಂಗಳಿಂದ ಸಿಲಿಂಡರಿಗೆ ಎಣ್ಣೆ ಬಿಟ್ಟಿದ್ದಾರೆ. ನನ್ನ ಮಗಳ ಬಾಣಂತನಕ್ಕೂ ಅಷ್ಟು ಎಣ್ಣೆ ಖರ್ಚಾಗಿರಲಿಲ್ಲ. ತುಕ್ಕು ಹಿಡಿದ ಭಾಗಗಳು ವಾಷಿಂಗ್ ಸೋಡಾ ನೀರಲ್ಲಿ ಮುಳುಗಿ, ಬ್ಯಾಟರಿ ಚಾರ್ಜರಿನ ತಂತಿ ಕಚ್ಚಿಕೊಂಡು ಬುರಬುರ ಅನ್ನುತ್ತಿವೆ. ಮಗಳು ಆ ಬಕೆಟ್ಟನ್ನೇ ಮನೆಯೆಲ್ಲ ಹುಡುಕುತ್ತಿದ್ದಾಳೆ. "ಇಗ್ನಿಷನ್ನಿನ ಪಾಯಿಂಟ್ ಗ್ಯಾಪ್ 0.020 ಇಂಚೇ ಇರಬೇಕು ಮಾವ" ಎನ್ನುವಾಗ ಅಳಿಯಂದಿರ ದನಿ ಗರ್ಭಗುಡಿಯಲ್ಲಿ ನಿಂತವರದ್ದು.

ಈ ಒಂದು ಮರಿಗೇ ಅಳಿಯಂದಿರ ಆಸೆ ತೀರಿಲ್ಲ. 1969ರಲ್ಲಿ ಜಾನ್ ಡೀರ್‌ನವರು ತಮ್ಮ ಹಸಿರು ಬಿಟ್ಟು, ಕೆಂಪು, ನೀಲಿ, ಹಳದಿ, ಕಿತ್ತಳೆ ಬಾನೆಟ್ಟಿನ ತೋಟದ ಟ್ರ್ಯಾಕ್ಟರ್ ಮಾರಲು ಹೊರಟಿದ್ದರು. ಸೀಟಿಗೂ ಅದೇ ಬಣ್ಣ, ಸೀರೆಗೆ ಮ್ಯಾಚಿಂಗ್ ರವಿಕೆ ಇದ್ದ ಹಾಗೆ. ಹೆಚ್ಚು ಗಿರಾಕಿ ಸಿಗಲಿಲ್ಲ. "ಆ ನಾಲ್ಕೂ ಬಣ್ಣದ್ದು ಸೇರಿಸಬೇಕು ಮಾವ" ಎಂದರು ಅಳಿಯಂದಿರು. ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಕೂತಿತು.

ಕೊನೆಗೂ ನಿನ್ನೆ ಸ್ಟಾರ್ಟ್ ಆಯಿತು. ಮರ್ಯಾದೆಗೆ ಮೊದಲ ಸವಾರಿ ನನಗೇ. ಗತ್ತಿನಿಂದ ಎರಡು ಸುತ್ತು ಹೊಡೆದು ಬಂದೆ.

"ಅಳಿಯಂದಿರೇ, ಬೆಂಚಿನ ಮೇಲೆ ಒಂದು ನಟ್ಟು ಉಳಿದಿದೆಯಲ್ಲ, ಎಲ್ಲಿಯದು?"

"ಮಾವ, ಮೊದಲು ಕೆಳಗಿಳಿಯಿರಿ."