ಓದಬೇಡಿ, ಪುಟ ತಿರುಗಿಸಿ

ಪುಸ್ತಕಪ್ರಿಯರು ಮನೆಗೆ ಬಂದರೆ ಕಪಾಟಿನ ಮುಂದೆ ನಿಂತು ಹೆಸರು ಓದುತ್ತಾರೆ. ಪಿಡಿಎಫ್ ರಾಯರು ಬಂದರೆ ಪುಸ್ತಕವನ್ನು ಹೊರಗೆಳೆದು ಬೆನ್ನು ತಡವುತ್ತಾರೆ. ‘ಹೊಲಿಗೆಯೋ, ಅಂಟೋ?’ ಹೊಲಿಗೆಯಾದರೆ ಮುಖ ಅರಳುತ್ತದೆ. ಅಂಟಾದರೆ, ಅಗಲಿಸಿದ ಕೂಡಲೇ ಪುಟ ಕಿತ್ತು ಕೈಗೆ ಬರುತ್ತದೆಂದು ಒಂದು ನಿಟ್ಟುಸಿರು. ಆಮೇಲೆ ಹಾಳೆಯ ಅಂಚನ್ನು ಉಗುರಿನಿಂದ ಮೀಟಿ, ‘ನ್ಯೂಸ್‌ಪ್ರಿಂಟು. ಹೆಚ್ಚು ದಿನ ಇಲ್ಲ’ ಎಂದು ಹಳೇ ಕಾಲದ ಡಾಕ್ಟರರ ಧಾಟಿಯಲ್ಲಿ ತೀರ್ಪು ಕೊಡುತ್ತಾರೆ. ಬರೆದವರು ಯಾರೆಂದು ಕೇಳುವುದೂ ಉಂಟು. ಅದು ಅವರು ಸತ್ತ ವರ್ಷ ತಿಳಿಯಲಿಕ್ಕೆ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸುವ ಈ ಪೈಕಿಯವರು ಈಗ ಊರಿಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ಮಕ್ಕಳು ಹೊರದೇಶದಲ್ಲಿರುತ್ತಾರೆ, ಮನೆಯಲ್ಲಿ ಎರಡು ಹಳೆಯ ಕ್ಯಾಮೆರಾ ಬಿದ್ದಿರುತ್ತವೆ. ಇವರಲ್ಲೂ ಪಂಥಗಳಿವೆ. ಪುಸ್ತಕವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕುವವರು ಸಂಪ್ರದಾಯಸ್ಥರು. ಬೆನ್ನನ್ನೇ ಕತ್ತರಿಸಿ, ಬಿಡಿ ಹಾಳೆಗಳನ್ನು ಯಂತ್ರದ ಬಾಯಿಗೆ ತುರುಕುವವರು ರಾಯರ ಪ್ರಕಾರ ಕಟುಕರು. ಇನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ, ಹೆಬ್ಬೆರಳ ಸಮೇತ ವಾಟ್ಸ್‌ಆ್ಯಪಿಗೆ ಹಾಕುವವರ ಹೆಸರನ್ನೂ ಅವರು ಎತ್ತುವುದಿಲ್ಲ. 2020ರ ಜೂನ್‌ನಲ್ಲಿ ಸರ್ಕಾರ ಕ್ಯಾಮ್‌ಸ್ಕ್ಯಾನರ್ ಎಂಬ, ಪುಟ ಕ್ಲಿಕ್ಕಿಸುವ ಮೊಬೈಲ್ ಆ್ಯಪನ್ನು ನಿಷೇಧಿಸಿದಾಗ, ಅದು ಚೀನಾದ ಜೊತೆಗಿನ ಜಗಳ ಎಂದರೆ ಅವರು ಒಪ್ಪಲೇ ಇಲ್ಲ. ಬೆರಳು ಬಿದ್ದ ಪುಟಗಳ ಮೇಲೆ ಕೊನೆಗೂ ಕ್ರಮ ಕೈಗೊಂಡರೆಂದೇ ಸಂತೋಷಪಟ್ಟರು.

ರಾಯರ ಸ್ವಂತ ಯಂತ್ರ ಊಟದ ಮೇಜನ್ನು ಪೂರ್ತಿ ಆಕ್ರಮಿಸಿದೆ. ಅಮೆರಿಕದ ಡೇನಿಯಲ್ ರೀಟ್ಜ್ ಎಂಬಾತ 2009ರಲ್ಲಿ, ಮನೆಯಲ್ಲೇ ಇಂಥದ್ದನ್ನು ಕಟ್ಟುವುದು ಹೇಗೆಂದು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ. ಆ ಪುಣ್ಯಾತ್ಮನ ಫಲವನ್ನು ರಾಯರ ಹೆಂಡತಿ ಇವತ್ತಿಗೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಾರೆ. ಪ್ಲೈವುಡ್ಡಿನ ತೊಟ್ಟಿಲಿನಲ್ಲಿ ಪುಸ್ತಕ ಅರ್ಧ ಮಾತ್ರ ತೆರೆದು ಕೂರುತ್ತದೆ, ಬೆನ್ನಿಗೆ ನೋವಿಲ್ಲ. ಹಳೆಯ ಕಿಟಕಿಯ ಗಾಜು ಮೇಲಿನಿಂದ ಇಳಿದು ಎರಡೂ ಪುಟಗಳನ್ನು ಒತ್ತುತ್ತದೆ. ಎಡಗಡೆಯ ಕ್ಯಾಮೆರಾ ಬಲಪುಟವನ್ನೂ ಬಲಗಡೆಯದು ಎಡಪುಟವನ್ನೂ ನೋಡುತ್ತದೆ. ಸೈಕಲ್ಲಿನ ಬ್ರೇಕ್ ಹಿಡಿ ಅದುಮಿದರೆ ಎರಡೂ ಒಟ್ಟಿಗೆ ಚಿತ್ರ ಹಿಡಿಯುತ್ತವೆ. ಪುಟ ತಿರುಗಿಸಲಿಕ್ಕೆ ಮಾತ್ರ ಮನುಷ್ಯ ಬೇಕು. ಆ ಮನುಷ್ಯ ನಾನು.

ತ್ರಿವೇಣಿಯವರ ಕಾದಂಬರಿಯೊಂದರ ಹಳೆಯ ಪ್ರತಿ ನನ್ನಲ್ಲಿತ್ತು. ಪುಸ್ತಕದ ಜೊತೆ ನನ್ನನ್ನೂ ಎರವಲು ಪಡೆದರು. ‘ಎತ್ತಿ, ತಿರುಗಿಸಿ, ಇಳಿಸಿ’ ಎಂದು ಅವರು, ಕಟಕ್ ಎಂದು ಬ್ರೇಕು. ಕೆಲವು ಪುಟ ಹೀಗೆ ಸಾಗಿರಬೇಕು, ಒಂದು ಸಂಭಾಷಣೆ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ಎಷ್ಟೋ ವರ್ಷದ ಹಿಂದೆ ಓದಿದ್ದು. ಗಾಜನ್ನು ಎತ್ತಿ ಹಿಡಿದವನು ಹಾಗೇ ನಿಂತೆ.

‘ಓದ್ತಾ ಇದೀರಾ?’

ಕಾಪಿ ಹೊಡೆಯುವ ಹುಡುಗನನ್ನು ಹಿಡಿದ ಮೇಷ್ಟ್ರ ದನಿ. ‘ಓದಬೇಡಿ ಸ್ವಾಮಿ, ಲಯ ತಪ್ಪುತ್ತೆ! ಪುಟದ ನಂಬರ್ ಮಾತ್ರ ನೋಡಿ.’ ಮೈಸೂರಿನಲ್ಲಿ, ತ್ರಿವೇಣಿಯವರ ಊರಿನಲ್ಲೇ, ಅವರ ಪುಸ್ತಕ ಕೈಯಲ್ಲಿರುವಾಗ ಓದಬೇಡಿ ಎಂದು ಬೈಸಿಕೊಂಡೆ. ಅದೂ ಕಾಫಿ ಕೊಡುವ ಮೊದಲು.

ಆದರೆ ರಾಯರು ಕಳ್ಳರಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕಳೆಯದೆ ಅವರ ಒಂದು ಪುಟವೂ ಹೊರಗೆ ಹೋಗುವುದಿಲ್ಲ. ಜನವರಿ 1ಕ್ಕೆ ಅವರು ಶುಭಾಶಯದ ಜೊತೆ ಹಕ್ಕುಸ್ವಾಮ್ಯದಿಂದ ಬಿಡುಗಡೆಯಾದವರ ಪಟ್ಟಿ ಕಳಿಸುತ್ತಾರೆ. 2024ರಲ್ಲಿ ತ್ರಿವೇಣಿ, ಗೋವಿಂದ ಪೈ ಇಬ್ಬರೂ ಬಂದಾಗ ಮನೆಯಲ್ಲಿ ಪಾಯಸ. ‘ಡಿವಿಜಿ ಯಾವಾಗ?’ ಎಂದು ಕೇಳಿದ್ದೆ. ‘2036’ ಎಂದರು ಥಟ್ಟನೆ. ‘ಕುವೆಂಪು?’ ‘2055.’ ಹೇಳಿ, ಗಾಜಿನ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು. ‘ಡಿವಿಜಿಗೆ ಪ್ರಯತ್ನ ಮಾಡ್ತೀನಿ. ಅದರಾಚೆಗೆ ಕ್ಯಾಮೆರಾ ನೀವು ಇಟ್ಕೊಳಿ.’ ಅವರಿಗೆ ಈಗಾಗಲೇ ಎಪ್ಪತ್ತು ದಾಟಿದೆ.

ಚಿತ್ರ ಹಿಡಿದ ಮೇಲಿನ ಸಂಸ್ಕಾರಗಳು ಬಹಳ, ಎಲ್ಲವನ್ನೂ ಹೇಳಿ ನಿಮ್ಮನ್ನು ಕೊಲ್ಲುವುದಿಲ್ಲ. ಸ್ಕ್ಯಾನ್ ಟೇಲರ್ ಎಂಬ ತಂತ್ರಾಂಶ ಸೊಟ್ಟ ಪುಟವನ್ನು ನೆಟ್ಟಗೆ ಮಾಡಿ, ಕಲೆ ಚುಕ್ಕಿ ಅಳಿಸುತ್ತದೆ. ಟೆಸರಾಕ್ಟ್ ಎಂಬುದು ಚಿತ್ರವನ್ನು ಅಕ್ಷರವಾಗಿಸುತ್ತದೆ. ಒತ್ತಕ್ಷರ ಬಂದರೆ ಅದಕ್ಕೆ ಜ್ವರ. ಮಹಾಪ್ರಾಣದ ಪುಟ್ಟ ಗೀಟು ಮಾಸಿದ್ದರೆ ಧನವಂತರೆಲ್ಲ ದನವಂತರು. ರಾಯರು ಒಂದೊಂದೇ ತಿದ್ದುತ್ತಾರೆ. ಎಲ್ಲ ಪುಟವನ್ನೂ ಕಪ್ಪು ಬಿಳುಪಿಗೆ ಇಳಿಸಿದರೂ, ಒಳಪುಟದಲ್ಲಿ ‘ಮದುವೆಯ ಉಡುಗೊರೆ’ ಎಂದೋ, ಲೈಬ್ರರಿಯ ಮೊಹರೋ, ಅಂಚಿನಲ್ಲಿ ಯಾರದೋ ಪೆನ್ಸಿಲ್ ಟಿಪ್ಪಣಿಯೋ ಇದ್ದರೆ ಆ ಪುಟವನ್ನು ಮಾತ್ರ ಬಣ್ಣದಲ್ಲೇ ಉಳಿಸುತ್ತಾರೆ. ಫೈಲು ದಪ್ಪವಾಗುತ್ತದಲ್ಲ ಎಂದರೆ, ‘ಆಗಲಿ, ಅವರೂ ಇದ್ದರಲ್ಲ’ ಎನ್ನುತ್ತಾರೆ. ಆಗ ಅವರ ಮೇಲಿನ ಸಿಟ್ಟೆಲ್ಲ ಇಳಿಯುತ್ತದೆ. ಅವರು ಕಳಿಸಿದ ಪಿಡಿಎಫ್‌ಗಳಲ್ಲಿ ನಾನು ಓದಿ ಮುಗಿಸಿದ್ದು ಯಾವುದೂ ಇಲ್ಲ. ಫೋಲ್ಡರಿಗೆ ಮಾತ್ರ ‘ಓದಲೇಬೇಕಾದವು’ ಎಂದು ಹೆಸರಿಟ್ಟಿದ್ದೇನೆ.

ಪುಸ್ತಕ ನನಗೆ ವಾಪಸು ಬಂದ ಮೇಲೆ ಒಂದು ರಾತ್ರಿ ಫೋನು. ಎಡ ಕ್ಯಾಮೆರಾ ನಡುವೆ ಒಮ್ಮೆ ನಿದ್ದೆ ಹೋಗಿತ್ತಂತೆ. 113ನೇ ಪುಟವೇ ಇಲ್ಲ, ಅಲ್ಲಿಂದಾಚೆ 112ರ ಪಕ್ಕ 115, 114ರ ಪಕ್ಕ 117 ಎಂದು ಜೋಡಿಗಳೆಲ್ಲ ತಪ್ಪಿವೆ. ದನಿ ತಗ್ಗಿಸಿ ಕೇಳಿದರು: ‘ಆ ಒಂದು ಪುಟ... ಮೊಬೈಲಿನಲ್ಲೇ ಕ್ಲಿಕ್ಕಿಸಿ ಕಳಿಸಿ. ಬೆರಳು ಬರದ ಹಾಗೆ. ಯಾರಿಗೂ ಹೇಳಬೇಡಿ.’

ಕಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

‘ಫೋಕಸ್ ಸರಿ ಇದೆಯಾ ನೋಡೋಣ ಅಂತ ಓದಿದೆ.’

‘ಸರಿ ಇದೆಯಾ?’

‘ಇದೆ. ಆಮೇಲೆ ಏನಾಯ್ತು?’

‘ಮುಂದಿನ ಪುಟ ನಿಮ್ಮ ಕಂಪ್ಯೂಟರಿನಲ್ಲೇ ಇದೆಯಲ್ಲ ರಾಯರೇ.’

‘ಅದಿನ್ನೂ ಪ್ರೊಸೆಸಿಂಗ್‌ನಲ್ಲಿದೆ. ನೀವೇ ಹೇಳಿ.’