ಸಿಂಹ ಬೆರೆಸಿದವರಿಗೊಂದು ಬಿನ್ನವತ್ತಳೆ

ರಟ್ಟೀಹಳ್ಳಿ ಸೀಮೆಯ ಹಳೆಯ ಗುಡಿಗಳನ್ನು ಕಂಡವರಿಗೆ ಮಕರದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿಲ್ಲ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಇವಿಷ್ಟನ್ನೂ ಒಂದೇ ಮೈಗೆ ಹೊಂದಿಸಿದ ನಮ್ಮ ರೂವಾರಿಗಳು ಪಾಪ, ಕಲ್ಲಿಗೇ ತೃಪ್ತರಾದರು. ಇಲ್ಲಿಂದ ದೂರವೇನಲ್ಲದ ಬಳ್ಳಿಗಾವಿಯ ಕೇದಾರೇಶ್ವರದ ಮೇಲೆ ಸಳ ಇರಿಯುತ್ತಿರುವ ಸಿಂಹವೂ ಯಾವ ಕಾಡಿನದೆಂದು ಯಾರೂ ಹೇಳಲಾರರು, ಅದೂ ಕಲ್ಲೇ. ಉಳಿ ಸುತ್ತಿಗೆಯ ಹಂಗಿಲ್ಲದೆ ಅದೇ ಮಹತ್ಕಾರ್ಯವನ್ನು ರಕ್ತಮಾಂಸಗಳಲ್ಲಿ ಸಾಧಿಸಿ, ನೋಡಲು ಬಂದವರಿಗೆ ಟಿಕೆಟ್ಟನ್ನೂ ಹರಿದುಕೊಟ್ಟ ಮಹನೀಯರು ನಮ್ಮ ದೇಶದ ಮೃಗಾಲಯಗಳಲ್ಲಿ ಆಗಿಹೋಗಿದ್ದಾರೆ. ಅವರ ಗುಣಗಾನಕ್ಕೆ ಈವರೆಗೆ ಯಾರೂ ಮುಂದಾಗದ್ದರಿಂದ ಆ ಭಾರ ನನ್ನ ಮೇಲೆ ಬಿದ್ದಿದೆ.

ಪ್ರಥಮ ವಂದನೆ ಕಲ್ಕತ್ತೆಯ ಅಲಿಪುರ ಮೃಗಾಲಯಕ್ಕೆ. ಹುಲಿಯ ಜೊತೆ ಆಫ್ರಿಕಾದ ಸಿಂಹಿಣಿಯನ್ನು ಕೂಡಿಸಿ 1971ರಲ್ಲಿ ರುದ್ರಾಣಿಯನ್ನು ಪಡೆದು, ಅಷ್ಟಕ್ಕೇ ಕೈಕಟ್ಟಿ ಕೂಡದೆ ಆ ರುದ್ರಾಣಿಯನ್ನು ಏಷ್ಯಾದ ಸಿಂಹವಾದ ದೇವವ್ರತನಿಗೆ ಕೊಟ್ಟು, 1979ರಲ್ಲಿ ಕ್ಯೂಬಾನಾಕನ್ ಎಂಬ ಮಹಾಕಾಯನನ್ನು ಲೋಕಕ್ಕೆ ಅರ್ಪಿಸಿದ ಸಂಸ್ಥೆಯದು. ಮುಕ್ಕಾಲು ಸಿಂಹ, ಕಾಲು ಹುಲಿ! ಯಾವ ಕಾಡಿಗೂ ಸೇರದ, ಯಾವ ಕಾಡೂ ಕೇಳದ ಈ ಜೀವದಿಂದ ಹುಲಿಗೇನು ಲಾಭ, ಸಿಂಹಕ್ಕೇನು ಲಾಭ ಎಂದು ಲೆಕ್ಕ ಹಾಕುವ ಸಣ್ಣ ಮನಸ್ಸಿನವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅದು 1991ರವರೆಗೆ ಬದುಕಿತ್ತು, ನೋಡಲು ಭಾರಿಯಾಗಿತ್ತು. ಮೃಗಾಲಯಕ್ಕೆ ಇನ್ನೇನು ಬೇಕು?

ಆದರೆ ಹುಲಿ ಸಿಂಹಗಳ ಬೆರಕೆ ಕಣ್ಣಿಗೆ ಬೀಳುವಂಥದು. ಅದರಲ್ಲಿ ತುಸು ಆಡಂಬರವಿದೆ. ಬೆರೆಸಿದ್ದು ಬೆರೆಸಿದವರಿಗೂ ತಿಳಿಯಬಾರದು, ಅದು ಕಲೆಯ ಪರಾಕಾಷ್ಠೆ. ಗಿರ್ ಅರಣ್ಯದ ಏಷ್ಯಾ ಸಿಂಹಕ್ಕೆ, ಆಫ್ರಿಕಾದ್ದಕ್ಕಿಂತ ಬೇರೆಯಾಗಿ, ಹೊಟ್ಟೆಯ ಕೆಳಗೆ ಉದ್ದಕ್ಕೆ ಚರ್ಮದ ಮಡಿಕೆ ಇರುತ್ತದೆ, ಗಂಡಿನ ಕೇಸರ ತೆಳುವಾಗಿ ಕಿವಿ ಹೊರಗೆ ಕಾಣುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಇಂಥ ಮಡಿಕೆ, ಕಿವಿಗಳ ದಾಸ್ಯದಿಂದ ಸಿಂಹಕುಲವನ್ನು ಬಿಡಿಸಿದ ಶ್ರೇಯಸ್ಸು ಚಂಡೀಗಡದ ಬಳಿಯ ಛತ್‌ಬೀಡ್ ಮೃಗಾಲಯಕ್ಕೆ ಸಲ್ಲಬೇಕು. ಸರ್ಕಸ್ಸಿನಿಂದ ಬಂದ ಆಫ್ರಿಕಾ ಮೂಲದ ಸಿಂಹಗಳನ್ನೂ ಗಿರ್ ಮೂಲದವುಗಳನ್ನೂ ಭೇದವೆಣಿಸದೆ ಒಂದೇ ಆವರಣದಲ್ಲಿ ಬಾಳಿಸಿ, ಸಂಖ್ಯೆಯನ್ನು ಎಂಬತ್ತರ ಸನಿಹಕ್ಕೆ ಏರಿಸಿದ ಆ ಔದಾರ್ಯವನ್ನು ಯಾವ ಮಾತಿನಲ್ಲಿ ಕೊಂಡಾಡಲಿ! ಮರಿಗಳ ಹಿಂಗಾಲು ಸೋತವು, ಗಾಯ ಬೇಗ ಮಾಯಲಿಲ್ಲ ಎಂಬುದು ನಿಜ. ಬೇಟೆಯಾಡುವ ಪ್ರಮೇಯವೇ ಇಲ್ಲದ ಸಿಂಹಕ್ಕೆ ಹಿಂಗಾಲಿನ ಬಲ ಒಂದು ದುಂದುವೆಚ್ಚವಲ್ಲವೆ?

ಈ ವಿದ್ಯೆ ನಮ್ಮದೊಂದೇ ಎಂದು ಬೀಗಬೇಕಿಲ್ಲ. ಏಷ್ಯಾದ ಸಿಂಹವನ್ನು ಉಳಿಸಿಯೇ ತೀರುವೆವೆಂದು ಅಮೆರಿಕದ ಮೃಗಾಲಯಗಳು 1981ರಲ್ಲಿ ಯೋಜನೆ ಹೂಡಿ, ಇನ್ನೂರಕ್ಕೂ ಹೆಚ್ಚು ಸಿಂಹಗಳ ವಂಶಾವಳಿ ಇಟ್ಟು, ಜೋಡಿ ಕೂಡಿಸಿ, ಮರಿ ಎಣಿಸಿ, ಆರು ವರ್ಷ ಸಂಭ್ರಮಿಸಿದವು. 1987ರಲ್ಲಿ ತಳಿವಿಜ್ಞಾನಿ ಸ್ಟೀಫನ್ ಓಬ್ರಯನ್ ಮತ್ತು ಸಂಗಡಿಗರು ರಕ್ತ ಪರೀಕ್ಷಿಸಿ ನೋಡಿದರೆ, ವಂಶಾವಳಿಯ ಐದು ಮುಖ್ಯ ಮೂಲಸಿಂಹಗಳಲ್ಲಿ ಎರಡಕ್ಕೆ ಆಫ್ರಿಕಾದ ರಕ್ತ! ಅಲ್ಲಿಯವರೆಗೆ ಎಲ್ಲರೂ ಎಷ್ಟು ಸುಖವಾಗಿದ್ದರು. ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯವೂ ಇದೇ ನಿಶ್ಚಿಂತೆಯಿಂದ ತಾರಾ ಎಂಬ ಹುಲಿಮರಿಯನ್ನು ವನ್ಯಜೀವಿ ಸಂರಕ್ಷಕ ಬಿಲ್ಲಿ ಅರ್ಜನ್ ಸಿಂಗರ ಕೈಗಿತ್ತಿತ್ತು. ಅವರು ಅದನ್ನು ಸಾಕಿ ದುಧ್ವಾ ಕಾಡಿಗೆ ಬಿಟ್ಟರು. ಅದರ ಮೈಯಲ್ಲಿ ಸೈಬೀರಿಯದ ಹುಲಿಯ ಅಂಶವಿದ್ದ ಸಂಗತಿ ಅಲ್ಲಿನ ತರಾಯಿಯ ಹುಲಿಗಳಿಗೆ ವಿವಾಹಕ್ಕೆ ಮೊದಲು ಯಾರೂ ತಿಳಿಸಲಿಲ್ಲ.

ಇಷ್ಟು ವಿಶಾಲ ದೃಷ್ಟಿಯ ಎದುರು ನಮ್ಮ ಸೀಮೆಯ ರೈತ ಎಷ್ಟು ಹಿಂದುಳಿದಿದ್ದಾನೆಂದು ನೆನೆದರೆ ತಲೆ ತಗ್ಗುತ್ತದೆ. ದೀಪಾವಳಿ ಮುಗಿದು ಹೋರಿ ಬೆದರಿಸುವ ಹಬ್ಬ ಶುರುವಾದರೆ ಸಾಕು, ಅಖಾಡದಲ್ಲಿ ಕೊಬ್ಬರಿ ಹಾರ ಹರಿಯಲು ನಿಂತ ಹುಡುಗನೂ ಓಡಿಬರುವ ಹೋರಿ ಯಾರ ಮನೆಯದು, ಯಾವ ಸಂತೆಯಲ್ಲಿ ಕೊಂಡದ್ದು, ಯಾವ ತಳಿ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ದನದ ಸಂತೆಯಲ್ಲಂತೂ ಹಲ್ಲು ಹಿಡಿದು ನೋಡುವುದೇನು, ಸುಳಿ ಹುಡುಕುವುದೇನು, ಕೋಡು ಗೊರಸು ತಡವುವುದೇನು! ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿಯನ್ನು ಖಿಲಾರಿಯಾಗಿಯೇ ಉಳಿಸಲು ಸರಕಾರವೇ ಒಂದು ಕೇಂದ್ರ ನಡೆಸುತ್ತಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿಕೊಂಡದ್ದು, ಇದೇ ಸಂಕುಚಿತ ಪರಂಪರೆ. ದನದ ಮಂದೆಗೂ ಲೆಕ್ಕ ಇಡಬೇಕೆಂಬ ಹಟ. ನೇಗಿಲು ಎಳೆಯುವ ಎತ್ತಿಗೆ ಇಷ್ಟೆಲ್ಲ ವಿಚಾರಣೆ ನಡೆದಿರುವ ನಾಡಿನಲ್ಲಿ, ಜಗತ್ತಿನಲ್ಲಿ ಒಂದೇ ಕಾಡಿನ ಸೀಮೆಗೆ ಉಳಿದುಕೊಂಡಿರುವ ಮೃಗರಾಜನಿಗೆ ಒಂದು ಪ್ರಶ್ನೆಯನ್ನೂ ಹಾಕದೆ ಸಂಸಾರ ಹೂಡಿಸಿದ ಧೈರ್ಯವನ್ನು ಮೆಚ್ಚಲೇಬೇಕು.

ಕಾಲ ಕೆಟ್ಟಿತು. ಪ್ರಾಣಿಗಳ ಪ್ರಭೇದಗಳನ್ನಾಗಲಿ ಉಪಜಾತಿಗಳನ್ನಾಗಲಿ ಬೆರೆಸಕೂಡದೆಂದು 1992ರ ಮೃಗಾಲಯ ಮಾನ್ಯತಾ ನಿಯಮಗಳು ಅಡ್ಡ ಬಂದವು. 1998ರ ಅಧಿಸೂಚನೆ ಸರ್ಕಸ್ಸಿನಲ್ಲಿ ಸಿಂಹ ಆಡಿಸುವುದನ್ನೇ ನಿಲ್ಲಿಸಿತು. 2001ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹೀಗೆ ಕೆಲಸ ಕಳೆದುಕೊಂಡ ಸಿಂಹಗಳು ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೂ ಬಂದಿಳಿದವು. ಸಂಕರದ ಸಿಂಹಗಳಿಗೆ ಮರಿ ಬೇಡವೆಂದು ಶಸ್ತ್ರಚಿಕಿತ್ಸೆಯೂ ಆಯಿತು, ಅಲ್ಲಿಗೆ ದೂರದೃಷ್ಟಿಯ ಚಕ್ರ ಪೂರ್ಣವಾಯಿತು: ಮೊದಲು ಎಣಿಕೆಯಿಲ್ಲದೆ ಹುಟ್ಟಿಸುವುದು, ಆಮೇಲೆ ಒಂದೊಂದಾಗಿ ಮುಗಿಯುವವರೆಗೆ ದಿನವೂ ಮಾಂಸ ಹಾಕಿ ಕಾಯುವುದು. ಇದರ ಖರ್ಚನ್ನು ಮನಸಾರೆ ಹೊತ್ತ ಪ್ರಜೆಗಳಾದ ನಾವೂ ಈ ಪುಣ್ಯದಲ್ಲಿ ಪಾಲುದಾರರು.

ಬಿನ್ನವತ್ತಳೆಗೆ ಅಂಚಿನಲ್ಲಿ ಬಳ್ಳಿ, ಮೇಲೆ ಎರಡು ಮಕರ ಬರೆಸಿ, ಬಿರುದುಗಳನ್ನೆಲ್ಲ ತುಂಬಿಸಿದ್ದಾಗಿದೆ. ಹೆಸರಿನ ಜಾಗ ಒಂದು ಮಾತ್ರ ಖಾಲಿ. ಯಾವ ಸಿಂಹವನ್ನು ಯಾವುದರ ಜೊತೆ ಯಾರು ಯಾವಾಗ ಬಿಟ್ಟರೆಂಬುದನ್ನು ಆ ಮಹನೀಯರು ಎಲ್ಲಿಯೂ ಬರೆದಿಟ್ಟಿಲ್ಲ, ಅಷ್ಟು ವಿನಯಶಾಲಿಗಳು.